ಡೇರೆ ಸಾಲಿನ ಹೊಂಡಗಳು

ಮೊನ್ನೆ ಪೈಪು ಸೋರುತ್ತಿದೆಯೆಂದು ನೀರಿನ ಟ್ಯಾಂಕಿನ ಹಿಂದೆ ಬಗ್ಗಿ ನೋಡಿದರೆ ಅಲ್ಲೊಂದು ನೀಲಿ ಬಾಟಲಿ ಬಿದ್ದಿತ್ತು. ಬಾಟಲಿ ನೀಲಿಯಲ್ಲ, ಒಳಗಿನ ನೀರು ನೀಲಿ. ನಮ್ಮ ಸಾಗರದ ಯಾವ ಬಡಾವಣೆಗೆ ಬಂದರೂ ಗೇಟಿಗೊಂದು ಇಂಥ ಬಾಟಲಿ ನೇತಾಡುವುದನ್ನು ನೀವು ನೋಡಿರುತ್ತೀರಿ. ಬಿಳಿ ಬಟ್ಟೆಗೆ ಹಾಕುವ ನೀಲಿಯ ನಾಲ್ಕು ಹನಿಯನ್ನು ನೀರಿಗೆ ಬೆರೆಸಿ ಕಟ್ಟಿದರೆ ನಾಯಿಗಳು ಹತ್ತಿರ ಸುಳಿಯುವುದಿಲ್ಲವಂತೆ. ಇದನ್ನು ಯಾರು ಕಂಡುಹಿಡಿದರೋ ಗೊತ್ತಿಲ್ಲ. ನಾಯಿಗಳಿಗಂತೂ ಯಾರೂ ತಿಳಿಸಿದಂತಿಲ್ಲ. ನಮ್ಮ ಬೀದಿಯ ಮೂಲೆಮನೆಯ ಬಾಟಲಿಗೆ ಒಂದು ಕಂತ್ರಿ ನಾಯಿ ದಿನಾ ಬೆಳಿಗ್ಗೆ ಬೆನ್ನು ತಿಕ್ಕಿಕೊಂಡು ಹೋಗುತ್ತದೆ.

ಹೋದ ವರ್ಷ ನಾನೂ ಅಂಥ ಐದು ಬಾಟಲಿ ಕಟ್ಟಿದ್ದೆ. ನಂಬಿಕೆಯಿಂದಲ್ಲ. ನಮ್ಮ ನಾಯಿ ಅಂಗಳ ಅಗೆಯುವುದನ್ನು ತಪ್ಪಿಸಲು ನಾನು ಬಹಳ ಒದ್ದಾಡುತ್ತಿದ್ದೇನೆ ಎಂದು ಮನೆಯವರಿಗೆ ಕಾಣಬೇಕಿತ್ತು, ಅದಕ್ಕೆ. ಹೀಗೆ ಹೇಳಿದರೆ ಮರ್ಯಾದೆ ಹೋಗುತ್ತದೆ. ಹೋಗಲಿ ಬಿಡಿ, ನಿಮ್ಮ ಮುಂದೆ ಎಂಥ ಮುಚ್ಚುಮರೆ.

ನಾಯಿಯ ಹೆಸರು ಬೆಲ್ಲ. ಬಸ್‌ಸ್ಟ್ಯಾಂಡಿನ ಹತ್ತಿರ ನನ್ನದೊಂದು ಚಿಕ್ಕ ಅಂಗಡಿ ಇದೆ. ಜೆರಾಕ್ಸ್ ಮಾಡಿಕೊಡುತ್ತೇನೆ, ಆನ್‌ಲೈನ್ ಅರ್ಜಿ ತುಂಬಿಕೊಡುತ್ತೇನೆ. ಮೂರು ವರ್ಷದ ಹಿಂದೆ ಒಂದು ಥಂಡಿ ಬೆಳಿಗ್ಗೆ ಜೆರಾಕ್ಸ್ ಮಷೀನಿನ ಬಿಸಿಗೆ ಅದರ ಅಡಿಯಲ್ಲಿ ಒಂದು ಮರಿ ಬಂದು ಮಲಗಿತ್ತು. ಯಾರದೋ ಪಹಣಿ ಜೆರಾಕ್ಸ್ ಮಾಡುವಾಗ ಕುಂಯ್ ಎಂದಿತು. ಸಂಜೆ ಮನೆಗೆ ತಂದೆ. ಮೈಬಣ್ಣ ಥೇಟು ಜೋನಿ ಬೆಲ್ಲದ್ದು. ಹೆಂಡತಿ ಗಿರಿಜ ಅಂಗನವಾಡಿ ಟೀಚರು, ಮಕ್ಕಳಿಗೆ ಮುದ್ದಿನ ಹೆಸರಿಡುವುದರಲ್ಲಿ ಕೈ ಪಳಗಿದವಳು. ಬೆಲ್ಲ ಎಂದಳು, ಆಯಿತು. ನಾಯಿ ಬೇಡವೇ ಬೇಡ ಎಂದು ಅವ್ವ ಎರಡು ದಿನ ಗೊಣಗಿದಳು. ಮೂರನೆಯ ದಿನದಿಂದ ಬೆಳಗಿನ ಮೊದಲ ರೊಟ್ಟಿ ನನಗೆ ಸಿಗುವುದು ನಿಂತಿತು.

ಇನ್ನು ಅಂಗಳದ ವಿಷಯ. ಅಂಗಳದಲ್ಲಿ ಮುಖ್ಯವಾದದ್ದು ಬೇಲಿಯುದ್ದಕ್ಕೂ ಇರುವ ಅವ್ವನ ಡೇರೆ ಸಾಲು. ಪುಸ್ತಕದಲ್ಲಿ ಅದನ್ನು ಡೇಲಿಯಾ ಎಂದು ಬರೆದಿರುತ್ತದೆ. ನಮ್ಮ ಕಡೆ ಹಾಗೆಂದರೆ ಯಾರಿಗೂ ಹೂವು ಕಣ್ಣಿಗೆ ಕಟ್ಟುವುದಿಲ್ಲ. ಡೇರೆ ಎನ್ನಬೇಕು.

ಡೇರೆಗೆ ಬೀಜ ಬಿತ್ತುವ ರೂಢಿ ನಮ್ಮಲ್ಲಿಲ್ಲ. ಗೆಡ್ಡೆ ಬೇಕು, ಗೆಡ್ಡೆ ಬೇಕೆಂದರೆ ನೆಂಟಸ್ತಿಕೆ ಬೇಕು. ನಾನು ಚಿಕ್ಕವನಿದ್ದಾಗ ನಾವು ಹೊಸನಗರದ ಕಡೆಯ ಒಂದು ಹಳ್ಳಿಯಲ್ಲಿದ್ದೆವು. ಮದುವೆಮನೆಗೆ ಹೋದರೆ ಗಂಡಸರು ಚಪ್ಪರದಲ್ಲಿ ಕೂತು ಪಾಯಸಕ್ಕೆ ಸಿಹಿ ಸಾಕಾಯಿತೋ ಇಲ್ಲವೋ ಎಂದು ಚರ್ಚೆ ಮಾಡುತ್ತಿದ್ದರು. ಹೆಂಗಸರು ಅಷ್ಟೊತ್ತಿಗೆ ಆ ಮನೆಯ ಹಿತ್ತಿಲಲ್ಲಿ ಇರುತ್ತಿದ್ದರು. ಬರುವಾಗ ಅವ್ವನ ಎಲೆಯಡಿಕೆಯ ಕವಳದ ಸಂಚಿ ಉಬ್ಬಿರುತ್ತಿತ್ತು. ಕೇಳಿ ತಂದದ್ದು ಎಷ್ಟು, ಕೇಳದೆ ತಂದದ್ದು ಎಷ್ಟು ಎಂದು ಈ ವಯಸ್ಸಿನಲ್ಲಿ ವಿಚಾರಿಸುವುದು ಸರಿಯಲ್ಲ. ಕೊಟ್ಟವರ ಊರೇ ಹೂವಿನ ಹೆಸರು. ತುಮರಿ ಕೆಂಪು, ನಗರದ ಹಳದಿ, ರಿಪ್ಪನ್‌ಪೇಟೆ ಗುಂಡು. ನಾನು ಶಿವಮೊಗ್ಗ ಜಿಲ್ಲೆಯ ಭೂಗೋಳ ಕಲಿತದ್ದು ಶಾಲೆಯಲ್ಲಲ್ಲ, ಆ ಸಾಲಿನಲ್ಲಿ.

ಹೂವಿನ ಕಾಲ ಮುಗಿದ ಮೇಲೆ ಗೆಡ್ಡೆ ಕಿತ್ತು, ಬೂದಿಯಲ್ಲಿ ಹೊರಳಿಸಿ ಅಟ್ಟದ ಮೇಲೆ ಇಡಬೇಕು. ಯಾವ ಗೆಡ್ಡೆ ಯಾವ ಬಣ್ಣದ್ದು ಎಂದು ಗೊತ್ತಾಗುವುದು ಹೇಗೆ? ಅವ್ವನಿಗೆ ಓದುಬರಹ ಬಾರದು. ಅವಳು ಹೂವಿನ ಬಣ್ಣದ್ದೇ ಬಟ್ಟೆಚೂರು ಕಟ್ಟುತ್ತಿದ್ದಳು. ಕೆಂಪು ಡೇರೆಗೆ ಹಳೇ ಕೆಂಪು ರವಿಕೆಯ ತೋಳು, ಬಿಳಿಗೆ ಅಪ್ಪನ ಪಂಚೆಯ ಅಂಚು. ಒಂದು ವರ್ಷ ಹಳದಿಗೆ ಚಿಂದಿ ಸಿಗಲಿಲ್ಲ. ನನ್ನ ಹಳದಿ ಅಂಗಿ ತಂತಿಯ ಮೇಲೆ ಒಣಗುತ್ತಿತ್ತು. ಬೆನ್ನಿನ ಕಡೆಯ ಕೆಳಗಿನಂಚು ಕತ್ತರಿಸಿದರೆ ಚಡ್ಡಿಯೊಳಗೆ ಹೋಗುತ್ತದೆ, ಯಾರಿಗೆ ಕಾಣುತ್ತದೆ ಎಂದಳು. ಡ್ರಿಲ್ ಪೀರಿಯಡ್ಡಿನಲ್ಲಿ ಬಗ್ಗಿದಾಗ ಇಡೀ ನಾಲ್ಕನೇ ಕ್ಲಾಸಿಗೆ ಕಂಡಿತು. ಆ ವರ್ಷದ ಹಳದಿ ಡೇರೆಯನ್ನು ಊರೆಲ್ಲ ಹೊಗಳಿದರು ಎಂಬುದೊಂದೇ ನನಗೆ ಸಮಾಧಾನ.

ಈಗ ಅವ್ವನಿಗೆ ಎಪ್ಪತ್ತೆಂಟು. ಊರು ಬಿಟ್ಟು ಸಾಗರಕ್ಕೆ ಬಂದರೂ ಡೇರೆ ಬಿಟ್ಟಿಲ್ಲ. ಬಟ್ಟೆಚೂರು ಈಗ ಗಿಡಕ್ಕೆ ಆನಿಸುವ ಕೋಲಿನ ತುದಿಯಲ್ಲಿರುತ್ತದೆ. ಅವಳದೊಂದು ಕಟ್ಟಳೆಯೂ ಇದೆ. ವರ್ಷದ ಮೊದಲ ಡೇರೆ ಹೂವು ಸಿಗಂದೂರು ಚೌಡಮ್ಮನಿಗೆ. ನನಗೆ ಬುದ್ಧಿ ಬಂದಾಗಿನಿಂದ ಇದು ತಪ್ಪಿಲ್ಲ. ಲಾಂಚಿಗಾಗಿ ಗಂಟೆಗಟ್ಟಲೆ ಕಾದು, ಹೂವು ಬಾಡದಂತೆ ಒದ್ದೆ ಬಾಳೆಲೆಯಲ್ಲಿ ಸುತ್ತಿ, ಹಿನ್ನೀರು ದಾಟಿಸಿದ್ದೇವೆ. ಈಗ ಸೇತುವೆಯಾಗಿ ಕಾಯುವುದು ತಪ್ಪಿದೆ.

ದೇವಿಯ ಹೂವಾದ್ದರಿಂದ ಆ ಸಾಲಿಗೆ ಸಗಣಿಗೊಬ್ಬರ, ಬೂದಿ ಬಿಟ್ಟು ಬೇರೇನೂ ಹಾಕುವಂತಿಲ್ಲ. ನಾವು ಮೀನು ತಿನ್ನುವವರು. ಭಟ್ಕಳದಿಂದ ಬರುವ ಮೀನಿನವನ ಹಾರನ್ನು ಕೇಳಿದರೆ ಮೊದಲು ಗೇಟಿಗೆ ಹೋಗುವುದು ಅವ್ವನೇ. ಮೀನು ತೊಳೆದ ನೀರು ನುಗ್ಗೆಮರಕ್ಕೆ, ಕರಿಬೇವಿಗೆ, ನಿಂಬೆಗೆ. ಡೇರೆಯ ಕಡೆ ಒಂದು ಹನಿ ಸಿಡಿದರೂ ಬೈಗಳು ಖಾತ್ರಿ. “ಅಮ್ಮನ ತಲೆ ಮೇಲೆ ಕೂರ ಹೂವು ಅದು. ಗ್ಯಾನ ಇರ್ಲಿ” ಎನ್ನುತ್ತಾಳೆ.

ಇಷ್ಟು ಗೊತ್ತಿದ್ದೂ ನಾನು ಮಾಡಿದ ಕೆಲಸ ಕೇಳಿ.

ನನಗೊಬ್ಬಳು ಅಕ್ಕ. ತೀರ್ಥಹಳ್ಳಿಗೆ ಕೊಟ್ಟಿದ್ದೇವೆ. ಅವ್ವನಿಂದಲೇ ಗೆಡ್ಡೆ ತೆಗೆದುಕೊಂಡು ಹೋದವಳು ನಾಲ್ಕೈದು ವರ್ಷದಿಂದ ಊಟದ ತಟ್ಟೆಯಷ್ಟಗಲದ ಹೂವು ಬೆಳೆದು, ಪಕ್ಕದಲ್ಲಿ ನಿಜವಾದ ಊಟದ ತಟ್ಟೆಯನ್ನೇ ಹಿಡಿದು, ಮನೆಯ ವಾಟ್ಸಾಪ್ ಗುಂಪಿಗೆ ಫೋಟೋ ಹಾಕುತ್ತಾಳೆ. ಅವ್ವ ನನ್ನ ಫೋನು ಇಸಿದುಕೊಂಡು ಅದನ್ನು ದೊಡ್ಡದು ಮಾಡಿ ನೋಡುತ್ತಾಳೆ. “ಚಂದ ಆಗೈತೆ” ಎಂದು ಫೋನು ವಾಪಸು ಕೊಡುತ್ತಾಳೆ. ಹೋದ ವರ್ಷ ಹಾಗೆ ಕೊಟ್ಟವಳು ಹೊರಗೆ ಹೋಗಿ ಇನ್ನೂ ಮೊಗ್ಗು ಬಿಡದ ತನ್ನ ಸಾಲಿನ ಮುಂದೆ ಸುಮ್ಮನೆ ನಿಂತದ್ದನ್ನು ಕಂಡೆ. ಅವ್ವನ ಹೂವು ಅಕ್ಕನ ಹೂವಿಗಿಂತ ಅರ್ಧ ಇಂಚಾದರೂ ದೊಡ್ಡದಾಗಬೇಕು ಎಂದು ಆಗಲೇ ತೀರ್ಮಾನ ಮಾಡಿದೆ.

ಅಂಗಡಿಗೆ ಖಾತೆ ಬದಲಾವಣೆ ಅರ್ಜಿ ತುಂಬಿಸಲು ಬಂದ ಹಿರಿಯರೊಬ್ಬರು ಹೂವಿನ ಮಾತು ಬಂದಾಗ, “ಬುಡಕ್ಕೆ ಒಣಮೀನಿನ ಚೂರು ಹಾಕಿ ನೋಡಿ” ಎಂದರು. ಅವರ ಅರ್ಜಿಯಲ್ಲಿ ಎರಡು ತಪ್ಪು ಮಾಡಿದೆ, ತಲೆಯೆಲ್ಲ ಒಣಮೀನು. ಸಂತೆಯಿಂದ ಅರ್ಧ ಕೆಜಿ ತಂದೆ. ಅವ್ವ ವರದಹಳ್ಳಿಗೆ ಹೋದ ದಿನ, ಗಿರಿಜ ಅಂಗನವಾಡಿಯಲ್ಲಿದ್ದ ಹೊತ್ತಿನಲ್ಲಿ, ಮೊಣಕಾಲೆತ್ತರ ಬಂದಿದ್ದ ಗಿಡಗಳ ಬುಡ ಬಿಡಿಸಿ ಒಂದೊಂದು ಮುಷ್ಟಿ ಹಾಕಿ ಮಣ್ಣು ಮುಚ್ಚಿದೆ. ಸಾಕ್ಷಿಗೆ ಬೆಲ್ಲ ಒಬ್ಬಳೇ. ಪಕ್ಕದಲ್ಲಿ ಕೂತು ಬಹಳ ಗಮನವಿಟ್ಟು ನೋಡಿದಳು. ನನ್ನ ತೋಟಗಾರಿಕೆಯಲ್ಲಿ ಅವಳಿಗೆ ಅಷ್ಟು ಆಸಕ್ತಿ ಹುಟ್ಟಿದ್ದು ಕಂಡು ನಾನು ತಲೆ ಸವರಿದೆ.

ಮರುದಿನ ಬೆಳಿಗ್ಗೆ ತುಮರಿ ಕೆಂಪಿನ ಬುಡದಲ್ಲಿ ಒಂದು ಹೊಂಡ.

ಅದನ್ನು ಮುಚ್ಚಿದರೆ ನಗರದ ಹಳದಿಗೆ ಒಂದು. ಅದನ್ನೂ ಮುಚ್ಚಿದರೆ ಮೂರನೆಯದಕ್ಕೆ. ಬೆಲ್ಲ ಮೂಗಿನ ತುದಿಗೆ ಮಣ್ಣು ಮೆತ್ತಿಕೊಂಡು ಬಾಲ ಅಲ್ಲಾಡಿಸುತ್ತ ಎದುರು ಬರುತ್ತಿದ್ದಳು. ನಾವಿಬ್ಬರೂ ಸೇರಿ ಮಾಡುತ್ತಿರುವ ಕೆಲಸ ಎಂದೇ ಅವಳು ತಿಳಿದಿರಬೇಕು. ನಾನು ಹೂಳುವುದು, ತಾನು ಹುಡುಕುವುದು. ಹಾಳಾದ ಮೀನನ್ನು ತೆಗೆದೇ ಬಿಡೋಣ ಎಂದು ಒಂದು ದಿನ ಕೈಗುದ್ದಲಿ ಹಿಡಿದು ಹೋದೆ. ಅದಾಗಲೇ ಕೊಳೆತು ಮಣ್ಣಿಗೆ ಸೇರಿತ್ತು. ನನ್ನ ಕಣ್ಣಿಗೆ ಬರೀ ಮಣ್ಣು, ಬೆಲ್ಲಳ ಮೂಗಿಗೆ ಬರೀ ಮೀನು.

ಆಗ ಶುರುವಾಯಿತು ನೋಡಿ ಸಲಹೆಗಳ ಸುಗ್ಗಿ. ಪಕ್ಕದ ಮನೆಯವರು ಖಾರದಪುಡಿ ಚೆಲ್ಲಿ ಎಂದರು. ಚೆಲ್ಲಿದೆ. ಗಾಳಿ ತಿರುಗಿ ನಾನೇ ಹತ್ತು ಸಲ ಸೀನಿದೆ. ಮೀನಿನವನು ನಿಂಬೆಮುಳ್ಳು ಹಾಸಿ ಎಂದ. ಹಾಸಿದೆ. ಮರೆತು ಬರಿಗಾಲಲ್ಲಿ ಕಾಲಿಟ್ಟವನೂ ನಾನೇ. ಯೂಟ್ಯೂಬಿನಲ್ಲಿ ಒಬ್ಬ, ನಾಯಿ ಅಗೆಯುವುದು ಬೇಜಾರಿಗೆ, ದಿನಾ ವಾಕಿಂಗ್ ಕರೆದುಕೊಂಡು ಹೋಗಿ ಎಂದ. ಬೆಳಿಗ್ಗೆ ಎದ್ದು ಗಣಪತಿ ಕೆರೆಯ ಕಡೆ ಎರಡು ಕಿಲೋಮೀಟರು ನಡೆಸಿದೆ. ನನ್ನ ಹೊಟ್ಟೆ ಒಂದಿಂಚು ಇಳಿಯಿತು. ಬೆಲ್ಲಳಿಗೆ ಹಸಿವು ಜಾಸ್ತಿಯಾಗಿ ಹೊಂಡದ ಆಳವೂ ಜಾಸ್ತಿಯಾಯಿತು. ಕೊನೆಗೆ ನೀಲಿ ಬಾಟಲಿ. ಐದನ್ನೂ ಸಾಲಾಗಿ ಕಟ್ಟಿ ಒಳಗೆ ಬಂದು ಕಿಟಕಿಯಿಂದ ನೋಡಿದರೆ, ಬೆಲ್ಲ ಒಂದು ಬಾಟಲಿಯನ್ನು ಮೂಸಿ, ಅದರ ನೆರಳಲ್ಲೇ ಕೂತು ಅಗೆಯುತ್ತಿದ್ದಳು.

ಕಾರಣ ಮೊದಲ ಹೊಂಡದಿಂದಲೇ ನನಗೆ ಗೊತ್ತಿತ್ತು. ಆದರೂ ಇಷ್ಟೆಲ್ಲವನ್ನೂ ಬಹಳ ಶ್ರದ್ಧೆಯಿಂದ ಮಾಡಿದೆ. ಗಿರಿಜಳಿಗೆ ಮಾತ್ರ ಏನೋ ಅನುಮಾನ.

“ರೀ, ಇಷ್ಟು ದೊಡ್ಡ ಅಂಗಳ ಇದೆ. ಇವಳು ಡೇರೆ ಬುಡ ಬಿಟ್ಟು ಬೇರೆ ಕಡೆ ಒಂದು ಉಗುರು ಸಹ ಊರಲ್ವಲ್ಲ, ಯಾಕೆ?”

“ಅಲ್ಲಿ ಮಣ್ಣು ಮೆತ್ತಗಿದೆ.”

“ನೀವೇ ಹೋಗಿ ಅಗೆದು ನೋಡಿದ ಹಾಗೆ ಹೇಳ್ತೀರಲ್ಲ!”

ಇಲ್ಲಿಯವರೆಗೆ ಎಲ್ಲ ತಮಾಷೆಯೇ. ಆದರೆ ಒಂದು ಬೆಳಿಗ್ಗೆ ಮೊದಲ ಮೊಗ್ಗು ಬಿಟ್ಟಿದ್ದ ಗಿಡ ಬುಡಸಮೇತ ಅಡ್ಡ ಬಿದ್ದಿತ್ತು. ಚೌಡಮ್ಮನಿಗೆಂದು ಅವ್ವ ದಿನಾ ಎಣಿಸಿಕೊಂಡು ಕಾಯುತ್ತಿದ್ದ ಮೊಗ್ಗು ಅದು. ಅವ್ವ ಬೈಯುತ್ತಾಳೆ ಎಂದುಕೊಂಡೆ. ಬೈಯಲಿಲ್ಲ. ಗಿಡವನ್ನು ಎತ್ತಿ ನಿಲ್ಲಿಸಲು ನೋಡಿ, ಆಗದೆ, ಅಲ್ಲೇ ಕೂತಳು.

“ಇದು ನಾಯಿ ಮಾಡಿದ್ದಲ್ಲ, ಮಗಾ. ಅಮ್ಮಂಗೆ ನನ್ನ ಹೂವು ಬ್ಯಾಡ ಅನ್ಸೈತೆ. ನಾನು ಎಂತ ತಪ್ಪು ಮಾಡಿದ್ನೋ.”

ಅಂದಿನಿಂದ ಅವ್ವ ಒಪ್ಪೊತ್ತು ಊಟ ಹಿಡಿದಳು. ಹಿಂದಿನ ವರ್ಷ ದೇವಸ್ಥಾನಕ್ಕೆ ಹೋದಾಗ ಸ್ನಾನ ಸರಿಯಾಗಿ ಮಾಡಿದ್ದೆನೋ ಇಲ್ಲವೋ, ಯಾವ ಹರಕೆ ಮರೆತೆನೋ, ಆಚೆಮನೆಯವಳ ಮೇಲೆ ಸಿಟ್ಟಿಟ್ಟುಕೊಂಡೇ ಕೈಮುಗಿದೆನೋ, ಹೀಗೆ ದಿನಕ್ಕೊಂದು ತಪ್ಪು ನೆನಪು ಮಾಡಿಕೊಂಡು ಕೂರುತ್ತಿದ್ದಳು. ಆಗಲೇ ನಾನು ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಐವತ್ತೆರಡು ವರ್ಷದ ಗಂಡಸು ತಾಯಿಯ ಬೈಗಳಿಗೆ ಹೆದರಿ ಸುಮ್ಮನಿದ್ದೆ ಎಂದರೆ ನೀವು ನಗುತ್ತೀರಿ. ಬೈಗಳಿಗಲ್ಲ, ಅವಳ ಮುಖ ನೋಡಲು ಹೆದರಿದ್ದು. ದಿನ ಕಳೆದಷ್ಟೂ ಹೇಳುವುದು ಇನ್ನೂ ಕಷ್ಟವಾಯಿತು.

ಕೊನೆಗೆ ಅವ್ವನೇ ತೀರ್ಮಾನ ಮಾಡಿದಳು. ಅಮ್ಮನ ಹೂವು ಕೀಳುವ ಪ್ರಾಣಿ ಮನೆಯಲ್ಲಿರುವುದು ಬೇಡ. ಕವಲೇದುರ್ಗದ ಕೆಳಗೆ ಅಕ್ಕನ ಗಂಡ, ನಮ್ಮ ಭಾವನ ತಮ್ಮನ ಜಮೀನಿದೆ, ಮಂಗ ಓಡಿಸಲು ಒಂದು ನಾಯಿ ಬೇಕು ಎನ್ನುತ್ತಿದ್ದರು. ಭಾನುವಾರ ಭಾವ ವ್ಯಾನು ತಂದು ಕರೆದುಕೊಂಡು ಹೋಗುವುದೆಂದು ಫೋನಿನಲ್ಲಿ ಮಾತಾಯಿತು. ನಾನು ಅಂಗಡಿಯಲ್ಲಿ ಒಬ್ಬರ ಆಧಾರ್ ಕಾರ್ಡಿನ ಒಂದೇ ಮಗ್ಗುಲನ್ನು ಆರು ಸಲ ಜೆರಾಕ್ಸ್ ಮಾಡಿ ಕೊಟ್ಟೆ.

ಭಾನುವಾರ ಬೆಳಿಗ್ಗೆ ಭಾವ ಬಂದರು. ಒಳ್ಳೆಯ ಮನುಷ್ಯ, ಗಟ್ಟಿ ದನಿ. ಹೊಸ ಹಗ್ಗ ತಂದಿದ್ದರು. ಅದರ ಅಗತ್ಯವೇ ಬೀಳಲಿಲ್ಲ. ವ್ಯಾನಿನ ಬಾಗಿಲು ತೆಗೆದದ್ದೇ ತಡ, ಬೆಲ್ಲ ತಾನೇ ಹಾರಿ ಹಿಂದಿನ ಸೀಟಿನ ಕಿಟಕಿಯ ಹತ್ತಿರ ಕೂತು ನಾಲಿಗೆ ಚಾಚಿದಳು. ಎಲ್ಲರೂ ಎಲ್ಲಿಗೋ ಹೊರಟಿದ್ದೇವೆ ಎಂದು ಅವಳ ಲೆಕ್ಕ. ನಮ್ಮನ್ನು ಒಬ್ಬೊಬ್ಬರನ್ನೇ ನೋಡುತ್ತಿದ್ದಳು, ಇನ್ನೂ ಯಾಕೆ ಹತ್ತುತ್ತಿಲ್ಲ ಎಂಬಂತೆ. ಗಿರಿಜ ಮುಖ ಆಚೆ ತಿರುಗಿಸಿದಳು.

ಅವ್ವ ಒಳಗಿನಿಂದ ಬಾಳೆಲೆಯಲ್ಲಿ ಕಟ್ಟಿದ ಬುತ್ತಿ ತಂದಳು. ನಾಲ್ಕು ಅಕ್ಕಿರೊಟ್ಟಿ, ನಾಯಿಗೆ. ಅದನ್ನು ಭಾವನ ಕೈಗೆ ಕೊಟ್ಟು ಹೇಳತೊಡಗಿದಳು.

“ಅದಕ್ಕೆ ತಣ್ಣನೆ ಅನ್ನ ಸೇರಲ್ಲ, ಒಂಚೂರು ಬಿಸಿನೀರು ಹಾಕಿ ಕೊಡಕ್ಕೆ ಹೇಳಿ. ಗುಡುಗು ಬಂದ್ರೆ ಹೆದರ್ತದೆ, ಒಳಗೆ ಬಿಟ್ಕಳ್ಳಿ. ಒಣಮೀನು ಅಂದ್ರೆ ಪ್ರಾಣ ಅದಕ್ಕೆ. ಎಲ್ಲಿ ಮುಚ್ಚಿಟ್ರೂ ವಾಸನೆ ಹಿಡಿದು ಹುಡುಕ್ತದೆ. ವಾರಕ್ಕೊಂದ್ ಸಲನಾದ್ರೂ...”

ಅವಳು ಸೆರಗಿಗೆ ಕೈ ಹಾಕಿದಳು. ನನಗೆ ಇನ್ನು ತಡೆಯಲಾಗಲಿಲ್ಲ.

“ಅವ್ವಾ, ಡೇರೆ ಬುಡಕ್ಕೆ ಒಣಮೀನು ಹಾಕಿದ್ದು ನಾನು.”

ಅವ್ವ ಸೆರಗಿನಲ್ಲಿ ಮೂಗು ಒರೆಸಿಕೊಂಡು ನನ್ನನ್ನು ನೋಡಿದಳು.

“ಎಂತ ಹಾಕಿದ್ದು?”

“ಒಣಮೀನು. ಹೂವು ಅಕ್ಕಂದಕ್ಕಿಂತ ದೊಡ್ಡದಾಗ್ಲಿ ಅಂತ. ನೀ ವರದಹಳ್ಳಿಗೆ ಹೋದಾಗ.”

“ಎಷ್ಟು?”

“ಅರ್ಧ ಕೆಜಿ.”

“ಎಲ್ಲಾ ಬುಡಕ್ಕೂ?”

“ಎಲ್ಲಾ ಬುಡಕ್ಕೂ.”

ಅವ್ವ ಮೆಟ್ಟಿಲ ಮೇಲೆ ಕುಕ್ಕರಿಸಿದಳು. ಈಗ ಬಂತು ನನ್ನ ಗ್ರಹಚಾರ ಎಂದು ನಿಂತಿದ್ದೆ. ಅವಳು ಬಹಳ ಮೆಲ್ಲಗೆ ಕೇಳಿದಳು.

“ಹಂಗಾರೆ ಅಮ್ಮಂಗೆ ನನ್ನ ಮೇಲೆ ಸಿಟ್ಟಿಲ್ವಾ?”

“ನಿನ್ನ ಮೇಲೆ ಎಂಥ ಸಿಟ್ಟು ಅವ್ವಾ. ಇದ್ರೆ ನನ್ನ ಮೇಲೆ.”

ಅವ್ವ ಅಳುತ್ತಿದ್ದಾಳೋ ನಗುತ್ತಿದ್ದಾಳೋ ಸ್ವಲ್ಪ ಹೊತ್ತು ಗೊತ್ತಾಗಲಿಲ್ಲ. ಎರಡೂ ಇತ್ತು. ನನಗೆ ನಾಚಿಕೆಯಾಯಿತು. ಅದರ ಜೊತೆಗೇ ಎದೆಯ ಮೇಲಿನ ಅಕ್ಕಿಮೂಟೆ ಇಳಿಸಿದಷ್ಟು ಹಗುರವೂ ಆಯಿತು. ಅವ್ವನಿಗೆ ಉಸಿರು ತಿರುಗಿದ ಮೇಲೆ ದನಿಯೂ ತಿರುಗಿತು.

“ಹಾಳಾದವ್ನೇ, ಹತ್ತು ದಿನ ಒಪ್ಪೊತ್ತು ಉಂಡಿದೀನಿ ನಾನು! ಒಂದು ಬಂಗಡೆ ಮೀನು ಮುಟ್ಟಿಲ್ಲ! ಆಚೆಮನೆಯವಳ ಹತ್ರ ಹೋಗಿ ತಪ್ಪಾತು ಅಂತ ಬೇರೆ ಹೇಳ್ಬಂದೆ!”

ಭಾವ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. “ಅತ್ತೇ, ಹಗ್ಗ ಹೆಂಗೂ ತಂದಿದೀನಿ. ನಿಮ್ಮ ಮಗನ್ನೇ ಕಟ್ಕಂಡು ಹೋಗ್ತೀನಿ ಬಿಡಿ. ಮಂಗ ಓಡ್ಸಕ್ಕೆ ಸಾಕು.”

ಅವ್ವ ಎದ್ದು ವ್ಯಾನಿನ ಹತ್ತಿರ ಹೋದಳು. ಬುತ್ತಿ ಬಿಚ್ಚಿ ಒಂದು ರೊಟ್ಟಿ ತೆಗೆದು ಹಿಡಿದಳು. “ಬಾ ಮಗಾ, ಇಳಿ. ಸುಮ್ನೆ ನಿನ್ನ ಬೈದೆ.” ನನ್ನ ತಾಯಿ ತನ್ನ ಮಕ್ಕಳ ಹತ್ತಿರ ಈ ಮಾತು ಆಡಿದ್ದನ್ನು ನಾನು ಈವರೆಗೆ ಕೇಳಿಲ್ಲ. ಬೆಲ್ಲ ರೊಟ್ಟಿ ತಿಂದಳು. ಇಳಿಯಲಿಲ್ಲ. ಗಿರಿಜ ಕರೆದಳು, ನಾನು ಎಳೆದೆ, ಭಾವ ಹಾರನ್ನು ಹೊಡೆದರು. ಸೀಟಿಗೆ ಉಗುರು ಊರಿ ಕೂತೇ ಇದ್ದಳು. ವ್ಯಾನು ಹತ್ತಿದ ಮೇಲೆ ಎಲ್ಲಿಗಾದರೂ ಹೋಗಲೇಬೇಕು ಎಂದು ಅವಳ ಹಟ.

“ಹಂಗಾರೆ ಸಿಗಂದೂರಿಗೇ ಹೋಗಿ ಬರನ, ಆಗದಾ?” ಎಂದಳು ಅವ್ವ ಭಾವನ ಕಡೆ ತಿರುಗಿ. “ಇವನು ಮಾಡಿದ್ದಕ್ಕೆ ಇವನೇ ಅಲ್ಲಿ ನಿಂತು ತಪ್ಪಾತು ಅನ್ಲಿ.”

ಹೂವು? ಮೀನು ತಿಂದ ಸಾಲಿನದು ಆಗುವುದಿಲ್ಲ. ಗೇಟಿನ ಹತ್ತಿರದ ಕೆಂಪು ದಾಸವಾಳ ನಾಲ್ಕು ಕಿತ್ತಳು. “ಇದ್ರ ಬುಡಕ್ಕೆ ಎಂತನಾದ್ರೂ ಹಾಕಿದೀಯಾ, ಈಗಲೇ ಹೇಳು” ಎಂದು ನನ್ನನ್ನು ದುರುಗುಟ್ಟಿದಳು. ಇಲ್ಲವೆಂದು ಆಣೆ ಮಾಡಿದೆ.

ಭಾವ ವ್ಯಾನು ಬಿಟ್ಟರು. ನಾನು ಮುಂದೆ, ಹಿಂದೆ ಅವ್ವ, ಗಿರಿಜ, ನಡುವೆ ಬೆಲ್ಲ. ಊರು ದಾಟುವುದರೊಳಗೆ ಗಿರಿಜ ವಾಟ್ಸಾಪ್ ಗುಂಪಿಗೆ ಎಲ್ಲವನ್ನೂ ಬರೆದು ಹಾಕಿಬಿಟ್ಟಿದ್ದಳು. ಎರಡೇ ನಿಮಿಷದಲ್ಲಿ ತೀರ್ಥಹಳ್ಳಿಯಿಂದ ಅಕ್ಕನ ಉತ್ತರ ಬಂತು. ಗಿರಿಜ ಗಟ್ಟಿಯಾಗಿ ಓದಿದಳು: “ಅರ್ಧ ಕೆಜಿ ಯಾಕೆ ಹಾಕಿದ್ಯೋ, ಕಾಲು ಕೆಜಿ ಸಾಕು.”

ವ್ಯಾನಿನಲ್ಲಿ ಎದ್ದ ನಗೆಗೆ ಬೆಲ್ಲ ಬೊಗಳಿದಳು. ಭಾವ ಮಾತ್ರ ರಸ್ತೆಯನ್ನೇ ನೋಡುತ್ತ, ತನಗೇನೂ ಗೊತ್ತಿಲ್ಲ ಎಂದರು. ಅವ್ವ ಹಣೆ ಚಚ್ಚಿಕೊಂಡಳು. “ಎರಡೂ ನನ್ನ ಹೊಟ್ಟೇಲೇ ಹುಟ್ಟಿದ್ವಲ್ಲ!” ಆದರೆ ಆ ಊಟದ ತಟ್ಟೆಯಗಲದ ಹೂವಿನ ಗುಟ್ಟು ತಿಳಿದ ಮೇಲೆ ಅವಳ ಮುಖ ಅರಳಿದ್ದನ್ನು ನಾನು ಕನ್ನಡಿಯಲ್ಲಿ ಕಂಡೆ. ಸೇತುವೆಯ ಮೇಲೆ ಹಿನ್ನೀರಿನ ಗಾಳಿ ಬೀಸಿ ಬೆಲ್ಲಳ ಕಿವಿಗಳು ಹಿಂದಕ್ಕೆ ಹಾರುತ್ತಿದ್ದವು. ಬೀಳದಂತೆ ಅವ್ವ ಅವಳ ನಡುವನ್ನು ತಬ್ಬಿ ಹಿಡಿದಿದ್ದಳು.

ದೇವಸ್ಥಾನದಲ್ಲಿ ಜನ ಬಹಳ. ಬೆಲ್ಲಳನ್ನು ನೆರಳಲ್ಲಿ ನಿಲ್ಲಿಸಿದ ವ್ಯಾನಿನಲ್ಲೇ ಬಿಟ್ಟು, ಕಿಟಕಿ ಅರ್ಧ ಇಳಿಸಿ, ನೀರಿಟ್ಟು ಸಾಲಿನಲ್ಲಿ ನಿಂತೆವು. ನಾನು ದೇವಿಯ ಮುಂದೆ ಕಣ್ಣು ಮುಚ್ಚಿ ನನ್ನ ತಪ್ಪನ್ನು ತೂಕಸಹಿತ ಒಪ್ಪಿಸಿದೆ. ಕಣ್ಣು ಬಿಟ್ಟರೆ ಅವ್ವ ಆಗಲೇ ಹೊರಟಿದ್ದಳು. ಪ್ರತಿ ವರ್ಷ ಕೈಮುಗಿದು ನಿಂತರೆ ಹಿಂದಿನವರು ನೂಕುವವರೆಗೆ ಕದಲದವಳು, ನನ್ನ ವ್ಯಾಪಾರ, ಗಿರಿಜಳ ಮಂಡಿನೋವು, ಅಕ್ಕನ ಮನೆ, ದನಕರು ಎಲ್ಲವನ್ನೂ ಒಂದೊಂದಾಗಿ ಒಪ್ಪಿಸುವವಳು. ಹಿಂದೆಯೇ ಓಡಿ, “ಎಂತ ಅವ್ವಾ, ಏನೂ ಬೇಡ್ಕಳ್ಳೇ ಇಲ್ವಲ್ಲ?” ಎಂದೆ.

“ಎಂತ ಬೇಡ್ಕಳದು?” ಎಂದಳು ನಡಿಗೆ ನಿಲ್ಲಿಸದೆ. “ನಾಯಿ ವ್ಯಾನಲ್ಲಿ ಒಂದೇ ಐತೆ. ಬ್ಯಾಗ ನಡಿ.”